ಫೋಟೋ ಇದೆ, ಹೆಸರಿಲ್ಲ

(ಡಿಜಿಟಲ್ ಚಿತ್ರಗಳನ್ನು ಜೋಡಿಸಿಡುವ ಬಗೆಯನ್ನು ಕುರಿತ ಉಪನ್ಯಾಸದ ಬರಹ ರೂಪ)



ಪತ್ರಿಕಾ ಕಚೇರಿಗಳ ಜಾಹೀರಾತು ವಿಭಾಗದಲ್ಲಿರುವವರಿಗೆ ಚಿರಪರಿಚಿತವಾದ ಒಂದು ದೃಶ್ಯವಿದೆ. ಮನೆಯ ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ. ಮಗನೋ ಅಳಿಯನೋ ಶ್ರದ್ಧಾಂಜಲಿಯ ಒಕ್ಕಣೆ ಬರೆದುಕೊಂಡು ಬರುತ್ತಾರೆ. ಒಕ್ಕಣೆಯಲ್ಲಿ ಲೋಪವಿರುವುದಿಲ್ಲ, ಹುಟ್ಟಿದ ದಿನ, ನಿಧನದ ದಿನ, ದುಃಖತಪ್ತ ಕುಟುಂಬ ವರ್ಗ, ಎಲ್ಲವೂ ಸರಿ. ಎಡವಟ್ಟಾಗುವುದು ಫೋಟೋದಲ್ಲಿ. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿ ತೆಗೆದ ಮುಖ. ಭುಜದ ಮೇಲೆ ಪಕ್ಕದಲ್ಲಿ ನಿಂತಿದ್ದವರ ಸೆರಗಿನ ಅಂಚು. ಹಿಂದೆ ಛತ್ರದ ಟ್ಯೂಬ್‌ಲೈಟು. ‘ಇದಕ್ಕಿಂತ ಒಳ್ಳೆಯದು ಇಲ್ಲವೇ ಸಾರ್?’ ಎಂದು ಕೇಳಿದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಬೇಕಾದಷ್ಟಿವೆ, ಹುಡುಕಿದರೆ ಸಿಗಲಿಲ್ಲ.’

ಈ ಉತ್ತರದಲ್ಲಿ ಸುಳ್ಳಿಲ್ಲ. ಇದು ಕೊರತೆಯಿಂದ ಬಂದ ಸಂಕಟವಲ್ಲ, ಸಮೃದ್ಧಿಯಿಂದ ಬಂದದ್ದು. ಅಜ್ಜನ ಕಾಲದಲ್ಲಿ ಇಡೀ ಜೀವಮಾನಕ್ಕೆ ಹತ್ತೋ ಇಪ್ಪತ್ತೋ ಫೋಟೋ. ಒಂದು ಮದುವೆಯದು, ಒಂದು ನೌಕರಿಯಿಂದ ನಿವೃತ್ತಿಯಾದಾಗ ಸಹೋದ್ಯೋಗಿಗಳ ಜೊತೆ ಹಾರ ಹಾಕಿಕೊಂಡು ಕುಳಿತದ್ದು, ಒಂದು ಪಾಸ್‌ಬುಕ್ಕಿಗೆ ಅಂಟಿಸಿದ್ದು. ಅವು ಎಲ್ಲಿವೆ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು. ಗಾಡ್ರೇಜ್ ಬೀರುವಿನ ಮೇಲಿನ ಅರೆ, ಕಪ್ಪು ಹಾಳೆಯ ಆಲ್ಬಮ್ಮು, ನಾಲ್ಕು ಮೂಲೆಗೂ ಸಿಕ್ಕಿಸಿದ ಕಾಗದದ ತ್ರಿಕೋನಗಳು. ಮೊಮ್ಮಗನ ಕೈಯಲ್ಲಿರುವ ಫೋನಿನಲ್ಲಿ ಅದೇ ಅಜ್ಜನ ಚಿತ್ರ ಇನ್ನೂರಿರಬಹುದು. ಆದರೆ ಅವು ಹಾಲಿನ ಪ್ಯಾಕೆಟ್ಟಿನ ಬಿಲ್ಲು, ಪಾಠದ ಕಪ್ಪುಹಲಗೆ, ‘ಶುಭೋದಯ’ದ ಹೂವುಗಳು, ಬಸ್ಸಿನ ವೇಳಾಪಟ್ಟಿ ಇವುಗಳ ನಡುವೆ ಹೂತುಹೋಗಿವೆ.

ಈ ರಾಶಿಯನ್ನು ಹೇಗೆ ಜೋಡಿಸಿಡುವುದು ಎಂಬುದು ಇಂದಿನ ವಿಷಯ. ಕಂಪ್ಯೂಟರು ಬಲ್ಲ ಹುಡುಗರು ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವೆಂದು ತೋರಬಹುದು. ಆದರೆ ಪುಸ್ತಕ, ಕಾಗದಪತ್ರ, ಚಿತ್ರ ಇವುಗಳನ್ನು ‘ಎಲ್ಲಿಡಬೇಕು’ ಎಂಬ ಪ್ರಶ್ನೆಗೆ ಕಂಪ್ಯೂಟರಿಗಿಂತ ದೊಡ್ಡ ಇತಿಹಾಸವಿದೆ. ಆ ಇತಿಹಾಸವನ್ನು ಸ್ವಲ್ಪ ನೋಡಿದರೆ ಹುಡುಗರು ಹೇಳುವ ಐದು ನಿಮಿಷದ ಉಪಾಯದಲ್ಲಿ ಏನು ತಪ್ಪಿದೆ ಎಂಬುದೂ ತಿಳಿಯುತ್ತದೆ.

ಮೂವತ್ತಾರರ ಲೆಕ್ಕ

1975ರಲ್ಲಿ ಅಮೆರಿಕದ ಕೊಡಾಕ್ ಕಂಪೆನಿಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮ್ ಇಲ್ಲದ ಕ್ಯಾಮೆರಾವೊಂದನ್ನು ಜೋಡಿಸಿದರು. ಅದರ ತೂಕ ಸುಮಾರು 3.6 ಕಿಲೋ. ಅಡ್ಡಕ್ಕೆ ನೂರು, ಉದ್ದಕ್ಕೆ ನೂರು ಚುಕ್ಕೆಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಮಾಮೂಲಿ ಹಾಡಿನ ಕ್ಯಾಸೆಟ್ಟಿನಂಥದೇ ಟೇಪಿನ ಮೇಲೆ ದಾಖಲಿಸಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಒಂದು ಕ್ಯಾಸೆಟ್ಟಿಗೆ ಎಷ್ಟು ಚಿತ್ರ ಎಂಬ ಪ್ರಶ್ನೆ ಬಂದಾಗ ಸ್ಯಾಸನ್ ಮೂವತ್ತು ಎಂದು ಮಿತಿ ಹಾಕಿದರು. ಆಗಿನ ಫಿಲ್ಮ್ ರೋಲುಗಳಲ್ಲಿ 24 ಅಥವಾ 36 ಚಿತ್ರಗಳಿರುತ್ತಿದ್ದವು; ಮೂವತ್ತು ಅವುಗಳ ನಡುವಿನ ಸಂಖ್ಯೆ. ಅದಕ್ಕಿಂತ ಹೆಚ್ಚು ಚಿತ್ರ ಯಾರಿಗಾದರೂ ಒಮ್ಮೆಗೇ ಬೇಕಾದೀತು ಎಂಬ ಯೋಚನೆಗೆ ಆಗ ಎಡೆಯೇ ಇರಲಿಲ್ಲ.

ಆ ಮೂವತ್ತಾರರ ಲೆಕ್ಕ ಒಂದು ಉಪಕಾರ ಮಾಡುತ್ತಿತ್ತು. ರೋಲು ಮುಗಿಯುವವರೆಗೆ ಕಾಯಬೇಕು, ತೊಳೆಸಲು ದುಡ್ಡು ಕೊಡಬೇಕು, ಆದ್ದರಿಂದ ಕ್ಲಿಕ್ಕಿಸುವ ಮುನ್ನ ಎರಡು ಸಲ ಯೋಚಿಸಬೇಕು. ಆಯ್ಕೆ ಎಂಬುದು ಮೊದಲೇ ನಡೆದುಹೋಗುತ್ತಿತ್ತು. ಜೋಡಿಸುವ ಕೆಲಸದ ಅರ್ಧ ಭಾಗವನ್ನು ಊರಿನ ಸ್ಟುಡಿಯೋದವರೇ ಮಾಡುತ್ತಿದ್ದರು. ಫೋಟೋದ ಬೆನ್ನಿಗೆ ಸ್ಟುಡಿಯೋದ ಮುದ್ರೆ, ಅದರ ಪಕ್ಕದಲ್ಲಿ ನೆಗೆಟಿವ್ ನಂಬರು. ಮತ್ತೊಂದು ಪ್ರತಿ ಬೇಕೆಂದರೆ ನಂಬರು ಹೇಳಿದರೆ ಸಾಕು. ಅವರ ದಪ್ಪ ರಿಜಿಸ್ಟರಿನಲ್ಲಿ ತಾರೀಖು, ಗಿರಾಕಿಯ ಹೆಸರು, ಕೊಟ್ಟ ಮುಂಗಡ ಎಲ್ಲವೂ ಇರುತ್ತಿತ್ತು.

ಡಿಜಿಟಲ್ ಕ್ಯಾಮೆರಾಗಳು ಬಂದಾಗಲೂ ನಂಬರು ಬಂತು, ರಿಜಿಸ್ಟರು ಮಾತ್ರ ಬರಲಿಲ್ಲ. 1998ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘಟನೆಯೊಂದು ಎಲ್ಲ ಕ್ಯಾಮೆರಾಗಳಿಗೂ ಅನ್ವಯಿಸುವ ಕಟ್ಟಳೆಯೊಂದನ್ನು ರೂಪಿಸಿತು. ಚಿತ್ರಗಳೆಲ್ಲ ‘ಡಿಸಿಐಎಂ’ ಎಂಬ ಫೋಲ್ಡರಿನಲ್ಲಿರಬೇಕು. ಅದರೊಳಗಿನ ಉಪಫೋಲ್ಡರುಗಳಿಗೆ 100ರಿಂದ 999ರವರೆಗಿನ ಸಂಖ್ಯೆಯಿಂದ ಆರಂಭವಾಗುವ ಹೆಸರಿರಬೇಕು. ಚಿತ್ರದ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ. ‘ಡಿಎಸ್‌ಸಿ’, ‘ಐಎಂಜಿ’ ಎಂದು ಶುರುವಾಗುವ ವಿಚಿತ್ರ ಹೆಸರುಗಳ ಮೂಲ ಇದು. ಒಂದು ಕಂಪೆನಿಯ ಕ್ಯಾಮೆರಾದ ಕಾರ್ಡನ್ನು ಇನ್ನೊಂದರ ಯಂತ್ರಕ್ಕೆ ಹಾಕಿದರೂ ಚಿತ್ರ ಕಾಣಬೇಕೆಂಬ ಒಳ್ಳೆಯ ಉದ್ದೇಶ ಅದರ ಹಿಂದಿತ್ತು. ಆದರೆ ನಾಲ್ಕು ಅಂಕಿಯ ಎಣಿಕೆ 9999ಕ್ಕೆ ಮುಗಿಯುತ್ತದೆ. ಆಮೇಲೆ ಮತ್ತೆ 0001. ಮೊದಲ ಮಗುವಿನ ನಾಮಕರಣದ ಒಂದನೇ ಚಿತ್ರಕ್ಕೂ ಎರಡನೇ ಮಗುವಿನ ನಾಮಕರಣದ ಒಂದನೇ ಚಿತ್ರಕ್ಕೂ ಒಂದೇ ಹೆಸರು ಬರುವುದು ಹೀಗೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿಯಹೊರಟಾಗ ‘ಹಳೆಯದರ ಬದಲಿಗೆ ಇದನ್ನು ಇಡಲೇ?’ ಎಂದು ಕಂಪ್ಯೂಟರು ಕೇಳುತ್ತದೆ. ಓದದೆಯೇ ‘ಹೌದು’ ಒತ್ತಿದವರ ಮನೆಯಲ್ಲಿ ಮೊದಲ ಮಗುವಿನ ಚಿತ್ರ ಇರುವುದಿಲ್ಲ.

ಅಜ್ಜಿಯನ್ನು ಯಾವ ಕಪಾಟಿನಲ್ಲಿಡುವುದು?

ಫೋಲ್ಡರ್ ಎಂದರೆ ಕಪಾಟಿನ ಒಂದು ಅರೆ. ಅದರ ಗುಣವೂ ದೋಷವೂ ಅರೆಯದೇ. ಒಂದು ವಸ್ತು ಒಂದು ಹೊತ್ತಿಗೆ ಒಂದು ಅರೆಯಲ್ಲಿ ಮಾತ್ರ ಇರಬಲ್ಲದು.

ಹಾಸನದ ಒಂದು ಮನೆ ಎಂದಿಟ್ಟುಕೊಳ್ಳಿ. ಮಗಳ ಮದುವೆ 2018ರ ಮೇ ತಿಂಗಳಲ್ಲಿ ಧರ್ಮಸ್ಥಳದಲ್ಲಿ ನಡೆಯಿತು. ಒಂದು ಚಿತ್ರದಲ್ಲಿ ಅಜ್ಜಿ, ಸೋದರತ್ತೆ, ನ್ಯೂಜೆರ್ಸಿಯಿಂದ ಬಂದಿದ್ದ ಚಿಕ್ಕಪ್ಪ ಮೂವರೂ ಒಟ್ಟಿಗೆ ಕುಳಿತು ಊಟ ಮಾಡುತ್ತಿದ್ದಾರೆ. ಈ ಚಿತ್ರ ಎಲ್ಲಿರಬೇಕು? 2018ರ ಫೋಲ್ಡರಿನಲ್ಲಿಯೇ? ಮದುವೆಗಳ ಫೋಲ್ಡರಿನಲ್ಲಿಯೇ? ಧರ್ಮಸ್ಥಳದ್ದರಲ್ಲಿಯೇ? ಅಜ್ಜಿಯದರಲ್ಲಿಯೇ? ನಾಲ್ಕರಲ್ಲೂ ಒಂದೊಂದು ಪ್ರತಿ ಇಟ್ಟರೆ ಜಾಗ ನಾಲ್ಕು ಪಟ್ಟು. ಅದಕ್ಕಿಂತ ಹೆಚ್ಚಾಗಿ, ಮುಂದೊಂದು ದಿನ ಯಾವುದು ಮೂಲ, ಯಾವುದು ನಕಲು ಎಂಬ ಗೊಂದಲ.

ಗ್ರಂಥಾಲಯಗಳಿಗೆ ಇದು ಹಳೆಯ ತಲೆನೋವು. ಇದನ್ನು ಆಮೂಲಾಗ್ರವಾಗಿ ಚಿಂತಿಸಿದವರಲ್ಲಿ ಎಸ್. ಆರ್. ರಂಗನಾಥನ್ ಅಗ್ರಗಣ್ಯರು. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ, ತರಬೇತಿಗಾಗಿ ಲಂಡನ್ನಿಗೆ ಹೋದರು. ಅಲ್ಲಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆ ಕಣ್ಣಿಗೆ ಬಿತ್ತು. ಅವವೇ ಪಟ್ಟಿ, ತಿರುಪು, ಚಕ್ರಗಳನ್ನು ಬೇರೆಬೇರೆ ಬಗೆಯಲ್ಲಿ ಜೋಡಿಸಿ ಬೇರೆಬೇರೆ ಗೊಂಬೆ ಮಾಡುವ ಆಟ. ವಿಷಯಗಳನ್ನೂ ಹೀಗೆಯೇ ಬಿಡಿಭಾಗಗಳಿಂದ ಜೋಡಿಸಬಹುದಲ್ಲ ಎಂಬ ಹೊಳಹು ಅಲ್ಲಿ ಹುಟ್ಟಿತು. 1933ರಲ್ಲಿ ಪ್ರಕಟವಾದ ಅವರ ‘ಕೋಲನ್ ವರ್ಗೀಕರಣ’ದ ಬೀಜ ಅದೇ. ಮುಂದೆ ಅವರು ಯಾವ ವಿಷಯಕ್ಕಾದರೂ ಐದು ಮುಖಗಳನ್ನು ಗುರುತಿಸಿದರು. ಮುಖ್ಯ ವಸ್ತು, ಅದರ ದ್ರವ್ಯ, ಕ್ರಿಯೆ, ದೇಶ, ಕಾಲ. ಬೆಂಗಳೂರಿಗೂ ಇದಕ್ಕೂ ನೇರ ನಂಟಿದೆ. 1962ರಲ್ಲಿ ಅವರು ಇಲ್ಲಿಯೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದರು; 1972ರಲ್ಲಿ ತೀರಿಕೊಂಡದ್ದೂ ಇದೇ ಊರಿನಲ್ಲಿ.

ಪುಸ್ತಕ ನಿಲ್ಲುವುದು ಒಂದೇ ಕಡೆ. ಆದರೆ ಅದನ್ನು ಕುರಿತ ಕಾರ್ಡುಗಳು ಹಲವು ಕಡೆ ಇರಬಹುದು: ಲೇಖಕನ ಹೆಸರಿನಲ್ಲಿ ಒಂದು, ಪುಸ್ತಕದ ಹೆಸರಿನಲ್ಲಿ ಒಂದು, ವಿಷಯದ ಹೆಸರಿನಲ್ಲಿ ಒಂದು. ಫೋಟೋ ತಂತ್ರಾಂಶಗಳು ಮಾಡುವುದು ಇದನ್ನೇ. ಚಿತ್ರ ಒಂದು ಫೋಲ್ಡರಿನಲ್ಲಿ ಕದಲದೆ ಇರುತ್ತದೆ. ‘ಟ್ಯಾಗ್’ ಎಂಬ ಚೀಟಿಗಳು, ‘ಆಲ್ಬಮ್’ ಎಂಬ ಪಟ್ಟಿಗಳು ಕಾರ್ಡುಗಳ ಕೆಲಸ ಮಾಡುತ್ತವೆ. ಅಜ್ಜಿ ಎಂಬ ಟ್ಯಾಗ್ ಒತ್ತಿದರೆ ಅಜ್ಜಿ ಇರುವ ಚಿತ್ರಗಳೆಲ್ಲ ಬರುತ್ತವೆ; ಧರ್ಮಸ್ಥಳ ಎಂದರೆ ಅಲ್ಲಿಯವೆಲ್ಲ; ಎರಡನ್ನೂ ಒತ್ತಿದರೆ ಧರ್ಮಸ್ಥಳದಲ್ಲಿರುವ ಅಜ್ಜಿ ಮಾತ್ರ. ಆಲ್ಬಮ್ಮಿನಿಂದ ಚಿತ್ರವನ್ನು ತೆಗೆದರೆ ಪಟ್ಟಿಯಿಂದ ಹೆಸರು ಹೊಡೆದಂತೆ. ಫೋಲ್ಡರಿನಿಂದ ತೆಗೆದರೆ ಚಿತ್ರವೇ ಹೋದಂತೆ. ಈ ವ್ಯತ್ಯಾಸ ತಿಳಿಯದೆ ಪೇಚಾಡಿದವರು ಈ ಸಭೆಯಲ್ಲೂ ಇರಬಹುದು.

ಎರಡು ವ್ಯವಸ್ಥೆಗಳೂ ಏಕಕಾಲಕ್ಕೆ ಬೇಕು ಎಂಬುದಕ್ಕೆ ಕಂಪ್ಯೂಟರಿಲ್ಲದ ಕಾಲದ ಒಂದು ದೊಡ್ಡ ನಿದರ್ಶನ ಅಮೆರಿಕದಲ್ಲಿದೆ. 1930ರ ದಶಕದ ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಅಲ್ಲಿನ ಸರ್ಕಾರ ರೈತರ, ಕೂಲಿಗಳ ಬದುಕನ್ನು ದಾಖಲಿಸಲು ಛಾಯಾಗ್ರಾಹಕರನ್ನು ದೇಶದ ಉದ್ದಗಲಕ್ಕೆ ಕಳುಹಿಸಿತು. ರಾಯ್ ಸ್ಟ್ರೈಕರ್ ಎಂಬ ಅಧಿಕಾರಿ ಅದರ ಮುಖ್ಯಸ್ಥ. (ಒಪ್ಪಿಗೆಯಾಗದ ನೆಗೆಟಿವ್‌ಗಳಿಗೆ ಆತ ಯಂತ್ರದಿಂದ ತೂತು ಹೊಡೆಸುತ್ತಿದ್ದನೆಂಬುದು ಬೇರೆ ಕಥೆ, ಬೇಡದ್ದನ್ನು ಅಳಿಸುವ ಉತ್ಸಾಹಿಗಳು ಅದನ್ನು ನೆನಪಿಡಬೇಕು.) ಸುಮಾರು 1,75,000 ಕಪ್ಪುಬಿಳುಪು ನೆಗೆಟಿವ್‌ಗಳು ಸೇರಿಕೊಂಡವು. 1942ರಲ್ಲಿ ಇವನ್ನು ಒಪ್ಪಮಾಡಲು ಪಾಲ್ ವ್ಯಾಂಡರ್‌ಬಿಲ್ಟ್ ಎಂಬ ಗ್ರಂಥಾಲಯ ತಜ್ಞರು ನೇಮಕವಾದರು.

ವ್ಯಾಂಡರ್‌ಬಿಲ್ಟ್ ಎದುರಿಸಿದ ಪ್ರಶ್ನೆ ಹಾಸನದ ಮನೆಯ ಪ್ರಶ್ನೆಯೇ. ಒಬ್ಬ ಛಾಯಾಗ್ರಾಹಕ ಒಂದು ಪ್ರವಾಸದಲ್ಲಿ ತೆಗೆದ ಚಿತ್ರಗಳನ್ನು ಒಟ್ಟಿಗೇ ಇಟ್ಟರೆ ಅವು ಒಂದು ಕಥೆ ಹೇಳುತ್ತವೆ; ಆದರೆ ‘ಶಾಲೆಗಳ ಚಿತ್ರ ಬೇಕು’ ಎಂದು ಬಂದವನಿಗೆ ಸಿಗುವುದಿಲ್ಲ. ವಿಷಯವಾರು ಬಿಡಿಸಿಟ್ಟರೆ ಶಾಲೆ ಸಿಗುತ್ತದೆ, ಕಥೆ ಚೂರಾಗುತ್ತದೆ. ಅವರು ಎರಡನ್ನೂ ಮಾಡಿದರು. ಮೊದಲು ಚಿತ್ರಗಳನ್ನು ಕಥೆಯ ಕಂತೆಗಳಾಗಿ ಜೋಡಿಸಿ ಮೈಕ್ರೋಫಿಲ್ಮಿನಲ್ಲಿ ಸೆರೆಹಿಡಿದರು. ಬಳಿಕ ಪ್ರತಿಗಳನ್ನು ಬಿಡಿಸಿ ಪ್ರದೇಶವಾರು, ವಿಷಯವಾರು ಕಪಾಟಿಗೆ ಸೇರಿಸಿದರು. 1944ರಲ್ಲಿ ಸಂಗ್ರಹ ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿತು. ಕಂತೆ ಎಂಬುದು ಫೋಲ್ಡರು, ವಿಷಯ ಎಂಬುದು ಟ್ಯಾಗು ಎಂದುಕೊಂಡರೆ ಮನೆಯ ಕಂಪ್ಯೂಟರಿಗೂ ಇದೇ ಮಾದರಿ ಸಾಕು.

ಪಿಕಾಸಾ ಕಲಿಸಿದ ಪಾಠ

ಕನ್ನಡ ನಾಡಿನ ಎಷ್ಟೋ ಮನೆಗಳಿಗೆ ಈ ಟ್ಯಾಗು, ಆಲ್ಬಮ್ಮುಗಳನ್ನು ಪರಿಚಯಿಸಿದ್ದು ಪಿಕಾಸಾ ಎಂಬ ತಂತ್ರಾಂಶ. 2002ರಲ್ಲಿ ಕ್ಯಾಲಿಫೋರ್ನಿಯಾದ ಸಣ್ಣ ಕಂಪೆನಿಯೊಂದು ಇದನ್ನು ಹೊರತಂದಿತು. ಚಿತ್ರಕಾರ ಪಿಕಾಸೋನ ಹೆಸರು, ‘ನನ್ನ ಮನೆ’ ಎಂಬರ್ಥದ ಸ್ಪ್ಯಾನಿಷ್ ನುಡಿ, ಚಿತ್ರ ಎಂಬುದರ ಇಂಗ್ಲಿಷ್ ಹ್ರಸ್ವರೂಪ ಇವು ಕೂಡಿ ಆದ ಹೆಸರದು. 2004ರ ಜುಲೈಯಲ್ಲಿ ಗೂಗಲ್ ಅದನ್ನು ಕೊಂಡು ಉಚಿತವಾಗಿ ಹಂಚಿತು. ಕಂಪ್ಯೂಟರಿನ ಮೂಲೆ ಮೂಲೆಯಲ್ಲಿದ್ದ ಚಿತ್ರಗಳನ್ನು ತಾನೇ ಹುಡುಕಿ ತಂದು ಕಾಲಾನುಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತಿತ್ತು. ಕತ್ತಲಾದ ಚಿತ್ರವನ್ನು ಒಂದೇ ಗುಂಡಿಯಿಂದ ಬೆಳಗಿಸುತ್ತಿತ್ತು. 2009ರಲ್ಲಿ ಮುಖ ಗುರುತಿಸುವ ವಿದ್ಯೆಯೂ ಅದಕ್ಕೆ ಬಂತು. ಒಂದೇ ಬಗೆಯ ಮುಖಗಳನ್ನು ಗುಂಪು ಮಾಡಿ, ಇದು ಯಾರು ಎಂದು ಕೇಳುತ್ತಿತ್ತು. ರಜೆಯಲ್ಲಿ ಊರಿಗೆ ಬಂದ ಮಕ್ಕಳು, ಅಮ್ಮನ ಪಕ್ಕದಲ್ಲಿ ಕುಳಿತು, ‘ಇವರು ಯಾರಮ್ಮ?’ ‘ಅದು ಶಿವಮೊಗ್ಗದ ದೊಡ್ಡಮ್ಮನ ನಾದಿನಿ ಕಣೋ’ ಎಂದು ಕೇಳಿ ಕೇಳಿ ಹೆಸರು ತುಂಬಿದರು.

2016ರ ಫೆಬ್ರವರಿಯಲ್ಲಿ ಗೂಗಲ್ ಪಿಕಾಸಾವನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಮಾರ್ಚ್ 15ರ ನಂತರ ಕಂಪ್ಯೂಟರಿನ ಪಿಕಾಸಾಕ್ಕೆ ಯಾವ ಸುಧಾರಣೆಯೂ ಇಲ್ಲ. ಅಳವಡಿಸಿಕೊಂಡಿದ್ದವರ ಯಂತ್ರದಲ್ಲಿ ಅದು ಓಡುತ್ತಲೇ ಇತ್ತು. ಚಿತ್ರಗಳೂ ಎಲ್ಲಿಯೂ ಹೋಗಲಿಲ್ಲ. ಹೋದದ್ದು ಬೇರೆ.

ಪಿಕಾಸಾ ಬಳಕೆದಾರ ಮಾಡಿದ ತಿದ್ದುಪಡಿ, ಆಲ್ಬಮ್ಮು, ಮುಖದ ಗುರುತು ಇವುಗಳಲ್ಲಿ ಬಹುಪಾಲನ್ನು ಚಿತ್ರದ ಒಳಗೆ ಬರೆಯುತ್ತಿರಲಿಲ್ಲ. ಪ್ರತಿ ಫೋಲ್ಡರಿನಲ್ಲೂ ಕಣ್ಣಿಗೆ ಕಾಣದಂತೆ ಅಡಗಿಸಿಟ್ಟ ಪುಟ್ಟ ಕಡತವೊಂದರಲ್ಲಿಯೂ ಯಂತ್ರದ ಇನ್ನೊಂದು ಮೂಲೆಯಲ್ಲಿದ್ದ ತನ್ನ ದತ್ತಸಂಚಯದಲ್ಲಿಯೂ ಬರೆದಿಡುತ್ತಿತ್ತು. ಮೂಲ ಚಿತ್ರವನ್ನು ಮುಟ್ಟಬಾರದೆಂಬ ಸದುದ್ದೇಶವೇ ಇದರ ಹಿಂದೆ ಇದ್ದದ್ದು. ಹೆಸರನ್ನು ಚಿತ್ರದೊಳಗೇ ಬರೆಯುವ ಆಯ್ಕೆಯೂ ನಂತರ ಬಂತು. ಅದನ್ನು ಹುಡುಕಿ ಒತ್ತಿದವರು ಕಡಿಮೆ. ಹಳೆಯ ಕಂಪ್ಯೂಟರು ಕೆಟ್ಟು, ಅಂಗಡಿಯವನು ಚಿತ್ರಗಳನ್ನಷ್ಟೇ ಹೊಸ ಯಂತ್ರಕ್ಕೆ ದಾಟಿಸಿದಾಗ, ಅಡಗಿದ್ದ ಕಡತ ಹಿಂದೆ ಉಳಿಯಿತು. ದೊಡ್ಡಮ್ಮನ ನಾದಿನಿಯ ಮುಖ ಬಂತು, ಹೆಸರು ಬರಲಿಲ್ಲ. ಆ ಹೊತ್ತಿಗೆ ಹೆಸರು ಹೇಳಿದ ಅಮ್ಮನೇ ಇಲ್ಲವಾಗಿದ್ದರೆ ಮತ್ತೆ ಕೇಳುವುದು ಯಾರನ್ನು?

ಪಿಕಾಸಾ ಒಂದೇ ಅಲ್ಲ. ಆಪಲ್ ಕಂಪೆನಿ 2002ರಲ್ಲಿ ಆರಂಭಿಸಿದ ಐಫೋಟೋವನ್ನೂ ವೃತ್ತಿಪರರಿಗೆಂದು ಹೊರತಂದ ಅಪರ್ಚರ್ ಅನ್ನೂ 2015ರಲ್ಲಿ ಕೈಬಿಟ್ಟು ಬೇರೊಂದನ್ನು ತಂದಿತು. 2015ರ ಮೇ ತಿಂಗಳಲ್ಲಿ ಬಂದ ಗೂಗಲ್ ಫೋಟೋಸ್ ಎಷ್ಟು ಬೇಕಾದರೂ ಚಿತ್ರಗಳನ್ನು ಉಚಿತವಾಗಿ ಇಟ್ಟುಕೊಳ್ಳುವುದಾಗಿ ಹೇಳಿತ್ತು. 2021ರ ಜೂನ್ 1ರಿಂದ ಆ ಔದಾರ್ಯ ಕೊನೆಗೊಂಡಿತು. ಕಂಪೆನಿಗಳನ್ನು ಬೈದು ಪ್ರಯೋಜನವಿಲ್ಲ. ತಂತ್ರಾಂಶದ ಆಯುಸ್ಸು ಹತ್ತೋ ಹದಿನೈದೋ ವರ್ಷ. ಫೋಟೋದ ಆಯುಸ್ಸು ಮೂರು ತಲೆಮಾರು. ಬಾಡಿಗೆ ಮನೆಯ ಗೋಡೆಯ ಮೇಲೆ ವಂಶವೃಕ್ಷ ಬರೆದರೆ ಮನೆ ಬಿಡುವಾಗ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ.

ಹಾಗಾದರೆ ಬರೆಯಬೇಕಾದದ್ದು ಎಲ್ಲಿ? ಎರಡೇ ಜಾಗ. ಒಂದು, ಫೋಲ್ಡರಿನ ಹೆಸರು. ಯಾವ ತಂತ್ರಾಂಶವೂ ಇಲ್ಲದೆ ಯಾವ ಯಂತ್ರದಲ್ಲಾದರೂ ಅದನ್ನು ಓದಬಹುದು. ಇನ್ನೊಂದು, ಚಿತ್ರದ ಒಡಲು.

ಚಿತ್ರದ ಒಡಲಲ್ಲಿ ಬರಹ

ಇದು ಹಲವರಿಗೆ ಅಚ್ಚರಿಯ ಸಂಗತಿ. ಡಿಜಿಟಲ್ ಚಿತ್ರದ ಕಡತದಲ್ಲಿ ಚಿತ್ರ ಮಾತ್ರವಲ್ಲ, ಬರಹಕ್ಕೂ ಎಡೆಯಿದೆ. 1995ರಲ್ಲಿ ರೂಪುಗೊಂಡ ‘ಎಕ್ಸಿಫ್’ ಎಂಬ ಏರ್ಪಾಟಿನ ಪ್ರಕಾರ ಕ್ಯಾಮೆರಾ ತಾನಾಗಿಯೇ ತೆಗೆದ ದಿನ, ಗಂಟೆ, ನಿಮಿಷ, ಬೆಳಕಿನ ಪ್ರಮಾಣ ಇತ್ಯಾದಿಗಳನ್ನು ಅಲ್ಲಿ ಬರೆಯುತ್ತದೆ. ಫೋನುಗಳು ಅಕ್ಷಾಂಶ ರೇಖಾಂಶಗಳನ್ನೂ ಸೇರಿಸುತ್ತವೆ. ಮನುಷ್ಯರು ಬರೆಯಲೂ ಅಲ್ಲಿ ಜಾಗವಿದೆ. ಇದು ಪತ್ರಿಕೋದ್ಯಮದ ಕೊಡುಗೆ ಎಂಬುದು ಗಮನಾರ್ಹ. ಸುದ್ದಿಸಂಸ್ಥೆಯಿಂದ ಹೊರಟ ಚಿತ್ರ ಒಂದು ಕಡೆ, ಅದರ ಅಡಿಬರಹ ಇನ್ನೊಂದು ಕಡೆ ಸೇರಿ, ಮಂತ್ರಿಯ ಚಿತ್ರದ ಕೆಳಗೆ ಕುಸ್ತಿಪಟುವಿನ ಹೆಸರು ಅಚ್ಚಾಗುವ ಅಪಾಯ ಯಾವ ಪತ್ರಿಕೆಗೂ ತಪ್ಪಿದ್ದಲ್ಲ. ಅಂತಾರಾಷ್ಟ್ರೀಯ ಪತ್ರಿಕಾ ದೂರಸಂಪರ್ಕ ಮಂಡಳಿ, ಅಂದರೆ ಐಪಿಟಿಸಿ, ಸುದ್ದಿಯ ಜೊತೆಗಿರಬೇಕಾದ ವಿವರಗಳಿಗೆ ಒಂದು ಕ್ರಮ ಹಾಕಿಕೊಟ್ಟಿತು. 1990ರ ದಶಕದಲ್ಲಿ ಅದು ಚಿತ್ರದ ಕಡತದೊಳಕ್ಕೇ ಇಳಿಯಿತು. 2001ರಲ್ಲಿ ಅಡೋಬಿ ಕಂಪೆನಿ ತಂದ ‘ಎಕ್ಸ್‌ಎಂಪಿ’ ಎಂಬ ಏರ್ಪಾಟು ಇದನ್ನೇ ಇನ್ನಷ್ಟು ವಿಸ್ತರಿಸಿತು. ಇಲ್ಲಿ ಬರೆದದ್ದು ಚಿತ್ರ ಹೋದಲ್ಲೆಲ್ಲ ಅದರ ಜೊತೆಗೇ ಹೋಗುತ್ತದೆ. ಹಳೆಯ ಫೋಟೋದ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಬರೆದ ಟಿಪ್ಪಣಿಗೆ ಇದು ಸಮ.

ಆದರೆ ಕ್ಯಾಮೆರಾ ಬರೆದದ್ದೆಲ್ಲ ವೇದವಾಕ್ಯವಲ್ಲ. ಬ್ಯಾಟರಿ ತೀರಿ ಗಡಿಯಾರ ಹಿಂದಕ್ಕೆ ಹೋದ ಕ್ಯಾಮೆರಾ 2012ರ ಗೃಹಪ್ರವೇಶವನ್ನು 2000ನೇ ಇಸವಿಯದೆಂದು ಬರೆಯಬಹುದು. 1968ರ ಮದುವೆಯ ಫೋಟೋವನ್ನು ಇಂದು ಫೋನಿನಲ್ಲಿ ತೆಗೆದರೆ ಅದು ಇಂದಿನದೆಂದೇ ದಾಖಲಾಗುತ್ತದೆ. ವಾಟ್ಸಾಪಿನಲ್ಲಿ ಮಾಮೂಲಿ ಚಿತ್ರವಾಗಿ ಕಳುಹಿಸಿದರಂತೂ ಒಡಲಿನ ಬರಹವನ್ನೆಲ್ಲ ಅದು ಕಿತ್ತುಹಾಕಿ, ಚಿತ್ರವನ್ನೂ ಕುಗ್ಗಿಸುತ್ತದೆ. ಆಂಡ್ರಾಯ್ಡ್ ಫೋನುಗಳಲ್ಲಿ ಹಾಗೆ ಬಂದ ಚಿತ್ರದ ಹೆಸರಿನಲ್ಲಿ ಕಾಣುವ ತಾರೀಖು ತೆಗೆದ ದಿನದ್ದಲ್ಲ, ಕೈಸೇರಿದ ದಿನದ್ದು. ಕಾರ್ತಿಕದಲ್ಲಿ ನಡೆದ ಮದುವೆ ಸಂಕ್ರಾಂತಿಗೆ ಬಂದಂತೆ ಕಾಣುವುದು ಅದಕ್ಕೇ. ಮೂಲವೇ ಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳುಹಿಸಿ ಎಂದು ನೆಂಟರಿಗೆ ಹೇಳಬೇಕು. ಹತ್ತು ಸಲ ಹೇಳಿದರೆ ಇಬ್ಬರು ಕಳುಹಿಸುತ್ತಾರೆ.

ಗಡಿಯಾರ ಸರಿಯಿದ್ದರೂ ಯಾವ ಕ್ಯಾಮೆರಾವೂ ಬರೆಯಲಾರದ ಒಂದು ವಿವರವಿದೆ. ಅದು ಹೆಸರು. ವ್ಯಾಂಡರ್‌ಬಿಲ್ಟ್ ಜೋಡಿಸಿದ ಸಂಗ್ರಹದ ಅತ್ಯಂತ ಪ್ರಸಿದ್ಧ ಚಿತ್ರದ ಕಥೆ ಇದನ್ನೇ ಹೇಳುತ್ತದೆ. 1936ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಡೊರೊಥಿಯಾ ಲ್ಯಾಂಗ್ ಒಬ್ಬ ತಾಯಿಯ ಚಿತ್ರ ತೆಗೆದರು. ಗಲ್ಲಕ್ಕೆ ಕೈಹಚ್ಚಿ ದೂರ ನೋಡುತ್ತಿರುವ ಹೆಂಗಸು, ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು. ‘ವಲಸೆಗಾರ ತಾಯಿ’ ಎಂದು ಜಗತ್ತೆಲ್ಲ ಬಲ್ಲ ಚಿತ್ರ. ಅಡಿಬರಹದಲ್ಲಿ ಊರಿದೆ, ಕಸುಬಿದೆ, ವಯಸ್ಸು ಮೂವತ್ತೆರಡು ಎಂದಿದೆ, ಮಕ್ಕಳ ಸಂಖ್ಯೆಯೂ ಇದೆ. ಹೆಸರಿಲ್ಲ. ಹೆಸರು ಕೇಳಲಿಲ್ಲವೆಂದು ಲ್ಯಾಂಗ್ ತಾವೇ 1960ರಲ್ಲಿ ಬರೆದರು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, ನಲವತ್ತೆರಡು ವರ್ಷಗಳ ನಂತರ, ಅಲ್ಲಿನ ಒಂದು ಸ್ಥಳೀಯ ಪತ್ರಿಕೆಯ ಮೂಲಕ. ಆ ಸಂಸಾರ ಹೊಟ್ಟೆಪಾಡಿಗಾಗಿ ಕಾರಿನ ಟೈರುಗಳನ್ನು ಮಾರಿಕೊಂಡಿತ್ತು ಎಂದು ಲ್ಯಾಂಗ್ ಬರೆದಿದ್ದರು. ಹಾಗೇನೂ ಆಗಿರಲಿಲ್ಲವೆಂದು ಮನೆಯವರು ಹೇಳಿದರು. ಹೆಸರು ಬರೆದಿದ್ದರೆ ಬಹುಶಃ ಈ ತಪ್ಪನ್ನು ಆಗಲೇ ಯಾರಾದರೂ ತಿದ್ದುತ್ತಿದ್ದರು. ಟಿಪ್ಪಣಿಗಳಿಗೆ ಹೆಸರಾಗಿದ್ದ ಛಾಯಾಗ್ರಾಹಕಿಯ ಕೈಯಲ್ಲೇ ಹೀಗಾದರೆ ಮದುವೆ ಮನೆಯಲ್ಲಿ ಫೋನು ಹಿಡಿದವರ ಪಾಡೇನು?

ಈಗಿನ ತಂತ್ರಾಂಶಗಳು ಮುಖಗಳನ್ನು ಗುಂಪು ಮಾಡುವುದರಲ್ಲಿ ಬಹಳ ಮುಂದೆ ಹೋಗಿವೆ. ಆದರೆ ಗುಂಪು ಮಾಡುವುದು ಬೇರೆ, ಹೆಸರು ಹೇಳುವುದು ಬೇರೆ. ಈ ಐವತ್ತು ಚಿತ್ರದಲ್ಲಿರುವುದು ಒಬ್ಬರೇ ಎಂದು ಯಂತ್ರ ಹೇಳೀತು. ಅವರು ಕಡೂರಿನ ಸೀತಮ್ಮತ್ತೆ ಎಂದು ಹೇಳಲಾರದು.

ಮಾಡುವ ಬಗೆ

ಮಾಡುವ ಕೆಲಸ ಕಷ್ಟದ್ದಲ್ಲ, ಬೇಸರದ್ದು. ಫೋಲ್ಡರುಗಳಿಗೆ ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ ಹೆಸರು ಆರಂಭಿಸಿ, ಮುಂದೆ ಸಂದರ್ಭ ಮತ್ತು ಊರು ಬರೆಯುವುದು ಉತ್ತಮ: ‘2018-05-14 ಮದುವೆ ಧರ್ಮಸ್ಥಳ’ ಎಂಬಂತೆ. ದಿನವನ್ನು ಮೊದಲು ಬರೆಯುವ ನಮ್ಮ ರೂಢಿಯನ್ನು ಇಲ್ಲಿ ತಿರುಗಿಸಲು ಕಾರಣವಿದೆ. ಕಂಪ್ಯೂಟರು ಹೆಸರುಗಳನ್ನು ಎಡದಿಂದ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಇಸವಿ ಮೊದಲಿದ್ದರೆ ಅಕಾರಾದಿಯೇ ಕಾಲಾನುಕ್ರಮವಾಗುತ್ತದೆ. ದಿನ ಮೊದಲಿದ್ದರೆ ಹದಿನೆಂಟು ವರ್ಷಗಳ ಒಂದನೇ ತಾರೀಖುಗಳೆಲ್ಲ ಒಂದೆಡೆ ಗುಡ್ಡೆ ಬೀಳುತ್ತವೆ. ತಾರೀಖು ಗೊತ್ತಿಲ್ಲದ ಹಳೆಯ ಚಿತ್ರಕ್ಕೆ ಊಹೆಯ ದಿನ ಹಾಕಬಾರದು. ‘1968 ಸುಮಾರು’ ಎಂದರೆ ಸಾಕು.

ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಬರೆಯುವುದೇ ಮೇಲು. ಹಿಂದೆ ನುಡಿ, ಬರಹ ಮುಂತಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಫೋಲ್ಡರಿಗೆ ಹೆಸರು ಕೊಡಲು ಹೋದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತಿದ್ದವು. ಹಾಗಾಗಿ ಜನ ಇಂಗ್ಲಿಷ್ ಲಿಪಿಯಲ್ಲಿ ಬರೆದರು. ಅಪ್ಪ ‘ಗೃಹಪ್ರವೇಶ’ವನ್ನು ಒಂದು ಬಗೆಯಲ್ಲಿ, ಮಗಳು ಇನ್ನೊಂದು ಬಗೆಯಲ್ಲಿ, ಮಗ ‘ಜಿ.ಪಿ.’ ಎಂದು ಮುಗಿಸಿದ. ಒಂದು ಕಾಗುಣಿತದಲ್ಲಿ ಹುಡುಕಿದರೆ ಉಳಿದೆರಡು ಸಿಗುವುದಿಲ್ಲ. ಯೂನಿಕೋಡ್ ವ್ಯಾಪಕವಾದ ಮೇಲೆ ಆ ತೊಂದರೆಗೆ ಕಾರಣವಿಲ್ಲ, ರೂಢಿ ಮಾತ್ರ ಉಳಿದಿದೆ.

ತಂತ್ರಾಂಶ ಯಾವುದಾದರೂ ಆಗಲಿ, ಆರಿಸುವ ಮುನ್ನ ಒಂದು ಪ್ರಶ್ನೆ ಕೇಳಬೇಕು: ಬರೆದ ಅಡಿಬರಹ, ಟ್ಯಾಗುಗಳನ್ನು ಚಿತ್ರದ ಕಡತದೊಳಗೆ ಬರೆಯುತ್ತದೆಯೇ? ಡಿಜಿಕ್ಯಾಮ್ ಎಂಬ ಮುಕ್ತ ತಂತ್ರಾಂಶ ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಹಾಗೆ ಬರೆಯುವ ಸೌಕರ್ಯ ಅದರಲ್ಲಿದೆ, ಆದರೆ ಅದರ ಆಯ್ಕೆಗಳನ್ನು ಒಮ್ಮೆ ತೆರೆದು ಖಚಿತಪಡಿಸಿಕೊಳ್ಳಬೇಕು. ಅಡೋಬಿಯ ಲೈಟ್‌ರೂಮ್ ದುಡ್ಡಿನದು. ಅದರಲ್ಲೂ ಬೇಕೆಂದು ಕೇಳಿದರೆ ಬರೆಯುತ್ತದೆ. ಪರೀಕ್ಷೆ ಸುಲಭ. ಒಂದು ಚಿತ್ರಕ್ಕೆ ಹೆಸರು ಬರೆಯಿರಿ, ಆ ಒಂದೇ ಚಿತ್ರವನ್ನು ಪೆನ್‌ಡ್ರೈವಿನಲ್ಲಿ ಬೇರೆ ಯಂತ್ರಕ್ಕೆ ಒಯ್ದು ಬೇರೆ ತಂತ್ರಾಂಶದಲ್ಲಿ ತೆರೆಯಿರಿ. ಹೆಸರು ಕಂಡರೆ ಸರಿ. ಕಾಣದಿದ್ದರೆ ಇನ್ನೂ ಸಾವಿರ ಚಿತ್ರಕ್ಕೆ ಬರೆಯುವ ಮುನ್ನವೇ ತಿಳಿದದ್ದು ಒಳ್ಳೆಯದಾಯಿತು. ಇಡೀ ಸಂಗ್ರಹದ ಇನ್ನೊಂದು ಪ್ರತಿ ಬೇರೊಂದು ಮನೆಯಲ್ಲಿರಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲ ಚಿತ್ರಗಳಿಗೂ ಹೆಸರು ಬರೆಯುವ ಹುಚ್ಚು ಬೇಡ. ಇಪ್ಪತ್ತು ಸಾವಿರದಲ್ಲಿ ಐನೂರನ್ನು ಆರಿಸಿದರೆ ಸಾಕು. ಆರಿಸುವಾಗಲೂ ಹೊಸದರಿಂದ ಹಿಂದಕ್ಕೆ ಹೋಗುವುದಕ್ಕಿಂತ ಹಳೆಯದರಿಂದ ಆರಂಭಿಸುವುದು ಲೇಸು. ಹೊಸ ಚಿತ್ರದಲ್ಲಿರುವವರನ್ನು ಬಲ್ಲವರು ಬಹಳ ಮಂದಿ, ಹಳೆಯದರಲ್ಲಿರುವವರನ್ನು ಬಲ್ಲವರು ಮನೆಗೆ ಒಬ್ಬರೋ ಇಬ್ಬರೋ. ಅಜ್ಜಿಯ ಮುಂದೆ ಫೋನು ಹಿಡಿದರೆ ಕಣ್ಣಿಗೆ ಸಾಲದು. ಚಿತ್ರವನ್ನು ಟೀವಿಯ ಪರದೆಗೆ ಹಾಕಿ, ಪಕ್ಕದಲ್ಲಿ ಕುಳಿತು ಕೇಳುವುದು ವಾಸಿ. ಒಂದು ಮಧ್ಯಾಹ್ನಕ್ಕೆ ಇಪ್ಪತ್ತು ಚಿತ್ರ ಆದೀತು. ಒಂದೊಂದು ಮುಖಕ್ಕೂ ಒಂದೊಂದು ಕಥೆ ಬರುತ್ತದೆ, ನಡುವೆ ಕಾಫಿಯಾಗುತ್ತದೆ, ಸತ್ತವರ ನೆನಪಾಗಿ ಕಣ್ಣೊರೆಸಿಕೊಳ್ಳುವುದೂ ಆಗುತ್ತದೆ. ಅವಸರಪಡಿಸಬಾರದು. ‘ಎಡದಿಂದ ಎರಡನೆಯವರು’ ಎಂದು ಸ್ಥಾನ ಸಹಿತ ಬರೆಯಬೇಕು. ಹೆಸರಿನ ಜೊತೆಗೆ ಊರು, ಯಾರ ಮಗ, ಯಾರ ಸೊಸೆ ಎಂಬುದನ್ನೂ. ಬರೀ ‘ಅತ್ತೆ’ ಎಂದು ಬರೆದರೆ ಮುಂದಿನ ತಲೆಮಾರಿಗೆ ಯಾರ ಅತ್ತೆ ಎಂದು ತಿಳಿಯದು.

ಅಜ್ಜಿಗೂ ಗೊತ್ತಿಲ್ಲದ ಮುಖಗಳು ಇದ್ದೇ ಇರುತ್ತವೆ. ಗಂಡಿನ ಕಡೆಯವರೋ, ಊಟಕ್ಕೆ ಬಂದ ನೆರೆಯವರೋ. ಅಲ್ಲಿ ‘ಗೊತ್ತಾಗಿಲ್ಲ, ಗಂಡಿನ ಕಡೆಯವರಿರಬಹುದು’ ಎಂದೇ ಬರೆದು, ಅಂಥವನ್ನೆಲ್ಲ ಒಂದು ಟ್ಯಾಗಿನಡಿ ಸೇರಿಸಿಡಬೇಕು. ಮುಂದಿನ ಸಲ ಗೌರಿ ಹಬ್ಬಕ್ಕೋ ವೈದಿಕಕ್ಕೋ ಆ ಕಡೆಯ ಹಿರಿಯರು ಬಂದಾಗ, ಊಟವಾದ ಮೇಲೆ, ಟೀವಿಯ ಮುಂದೆ ಅವರನ್ನು ಕೂರಿಸಿ ಆ ಟ್ಯಾಗನ್ನು ತೆರೆಯಬಹುದು.